ಎಡಗೈಯ ತಗ್ಗು

ಲಫ್‌ಬರೋ ಸಂತೆ, ಶುಕ್ರವಾರ, ಬೆಳಿಗ್ಗೆ ಒಂಬತ್ತು.
ತುಕ್ಕು ಹಿಡಿದ ಉಳಿ, ಸ್ಪ್ಯಾನರು, ಬಾಗಿಲ ಹಿಡಿಕೆಗಳ ನಡುವೆ
ಹಳೆಯ ಟವೆಲ್ಲಿನ ಮೇಲೆ ನಾಲ್ಕು ಕಲ್ಲು.
ನನಗೆ ಬೇಕಾದದ್ದು ಒಂದು.

ಅಂಗಡಿಯಲ್ಲಿ ನಾನು ಹಿಡಿಯುವುದು ಒಮ್ಮೆ ಬಳಸಿ ಎಸೆವ ಬ್ಲೇಡು.
ಕೌನ್ಸಿಲ್ಲಿನ ನಿಯಮ; ಸರಿಯೇ ಇದೆ, ತಕರಾರಿಲ್ಲ.
ಇದು ನನ್ನ ಸ್ವಂತ ಗಲ್ಲದ ಪ್ರಶ್ನೆ:
ಅಪ್ಪನ ಹಡಪದಿಂದ ನನ್ನ ಪಾಲಿಗೆ ಬಂದ ಕತ್ತಿ,
ಹಿಡಿಯ ಬುಡದಲ್ಲಿ ಶೆಫೀಲ್ಡ್ ಎಂಬ ಮುದ್ರೆ ಅರ್ಧ ಸವೆದದ್ದು,
ಕೊಪ್ಪಳದ ಗಡ್ಡಗಳನ್ನೆಲ್ಲ ಕಂಡು
ಹುಟ್ಟಿದೂರಿಗೆ ಹೆಚ್ಚುಕಡಿಮೆ ಮರಳಿ ಬಂದದ್ದು.

ಮೊದಲ ಕಲ್ಲು ಫ್ಯಾಕ್ಟರಿಯದು, ಇಟ್ಟಿಗೆ ಬಣ್ಣ.
ಎಂಜಲು ಹಚ್ಚಿದೆ, ಗಟಕ್ಕನೆ ಕುಡಿಯಿತು.
ಇಷ್ಟು ಬಾಯಾರಿದ್ದು ಕೊಡಲಿಗಾದೀತು, ಕತ್ತಿಗಾಗದು.
ಎರಡನೆಯದು ವೇಲ್ಸಿನ ಸ್ಲೇಟು. ಮುಖ ಸಾಧು.
ಉಗುರೆಳೆದರೆ ಒಳಗೊಂದು ಹರಳು ಕಟಕ್ಕೆಂದಿತು.
ಸಾಕು, ಅಲಗು ಮುಕ್ಕಾಗಲು ಆ ಒಂದು ಹರಳು.
ಮೂರನೆಯದರ ಬಿರುಕಿಗೆ ಅಂಟು ಮೆತ್ತಿದ್ದರು.
ತಟ್ಟಿದೆ. ಒಡಕು ಮಡಕೆಗೆ ಸುಳ್ಳು ಬರುವುದಿಲ್ಲ.

ಅಪ್ಪ ಅನ್ನುತ್ತಿದ್ದ: ಕಲ್ಲಿನ ಬೆಲೆ ಕೇಳಬೇಡ ಮೊದಲು.
ಉಗುರು ಕೇಳಲಿ, ನಾಲಗೆ ಕೇಳಲಿ, ಕಿವಿ ಕೇಳಲಿ,
ಆಮೇಲೆ ಜೇಬು.

ನಾಲ್ಕನೆಯದು ಎಣ್ಣೆ ಕುಡಿಕುಡಿದು ಕರ್ರಗೆ, ಬಾಣಲೆಯ ತಳ.
ಹೆಬ್ಬೆರಳಲ್ಲಿ ಒಂದು ಮೂಲೆ ಉಜ್ಜಿದೆ:
ನೆನೆಸಿದ ಹೆಸರುಕಾಳಿನ ಹಸಿರು, ನಡುವೆ ಕೆಂಪು ನರ.
ಚಾರ್ನ್‌ವುಡ್ ಗುಡ್ಡದ್ದು! ಬಸ್ಸು ಹತ್ತಿದರೆ ಆರೇ ಮೈಲಿ.
ಉಗುರು ಜಾರಿತು ಬೆಣ್ಣೆಯ ಮೇಲೆ ಜಾರಿದಂತೆ,
ಆದರೂ ಎಲ್ಲೋ ಒಳಗೆ ಹಿಡಿಯಿತು.
ಒಂದೇ ಕುಂದು: ನಡುವೆ ತಗ್ಗು.
ತಗ್ಗೂ ನೆಟ್ಟಗಿಲ್ಲ, ಓರೆ.

"ನಿಮ್ಮ ಯಜಮಾನರು ಎಡಚರೇ?" ಅಂದೆ.
ಥರ್ಮಾಸಿನ ಮುಚ್ಚಳ ತಿರುವುತ್ತಿದ್ದ ಮಿಸೆಸ್ ಟೆಬಟ್ ನಿಲ್ಲಿಸಿದಳು.
"ಯಾರು ಹೇಳಿದರು?"
"ಕಲ್ಲು."
"ಬರೆದದ್ದು ಬಲಗೈಲಿ. ಚಮಚ ಹಿಡಿದದ್ದು ಬಲಗೈಲಿ.
ಶಾಲೆಯಲ್ಲಿ ರೂಲರಿನಿಂದ ಹೊಡೆದು ಕಲಿಸಿದ್ದರಂತೆ.
ಐವತ್ತೊಂದು ವರ್ಷ ನಾನು ಕಂಡ ರೋಲಂಡ್ ಬಲಗೈಯವನು."
ಸ್ವಲ್ಪ ಹೊತ್ತು ಬಿಟ್ಟು:
"ಶೆಡ್ಡಿನ ಬಾಗಿಲು ಮಾತ್ರ ಹಾಕಿಕೊಳ್ಳುತ್ತಿದ್ದ."

ಹನ್ನೆರಡು ಪೌಂಡು ಅಂದಿದ್ದವಳು
ಕಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು
ತಗ್ಗಿನಲ್ಲಿ ಹೆಬ್ಬೆರಳಿಟ್ಟು ನೋಡಿ
ಹದಿನೈದು ಅಂದಳು.
ಕೊಟ್ಟೆ.

ನಮ್ಮ ಮಾತಿನಲ್ಲಿ ಮಸೆಯುವುದೆಂದರೆ ಹಗೆ:
ಹಲ್ಲು ಮಸೆಯುತ್ತಾರೆ, ಕತ್ತಿ ಮಸೆಯುತ್ತಾರೆ, ಯಾರದೋ ಬೆನ್ನಿಗೆ.
ಗಂಧ ತೇಯುವುದಕ್ಕೂ ಮತ್ತೆ ಅದೇ ಹೆಸರಿನ ಕಲ್ಲು, ಸಾಣೆಕಲ್ಲು.
ಮರ ಸವೆದರೆ ಪರಿಮಳ, ಉಕ್ಕು ಸವೆದರೆ ಅಲಗು.
ಕಲ್ಲು ಸವೆದರೆ ಏನೆಂದು ಅಪ್ಪನೂ ಹೇಳಲಿಲ್ಲ.

ಮನೆಯಲ್ಲಿ ಗಾಜಿನ ಹಲಗೆ, ಮೇಲೆ ಮರಳುಕಾಗದ, ನೀರು.
ಕತ್ತಿಗೆ ಬೇಕು ನಿಂತ ಕೊಳದಂಥ ಮಟ್ಟ;
ತಗ್ಗು ಹೋಗುವವರೆಗೂ ಉಜ್ಜಬೇಕು.
ಒಂದು ಎಳೆತ ಎಳೆದೆ. ಹಸಿರು ಕೆಸರು ಬಂತು
ರೋಲಂಡನ ಒಂದು ಮಧ್ಯಾಹ್ನದಷ್ಟು.
ಕೈ ನಿಂತಿತು.

ಮಗುಚಿ ನೋಡಿದೆ.
ಬೆನ್ನಿಗೆ ಗರಗಸದ ಗೀರು ಹಾಗೇ ಇದ್ದವು, ಯಾರೂ ಮುಟ್ಟಿರಲಿಲ್ಲ.
ಅದನ್ನೇ ಉಜ್ಜಿದೆ. ಮೂರು ಸಂಜೆ, ಸೊಂಟ ಹೋಯಿತು.
"ಹೊಸದು ಸಿಗೋದಿಲ್ವಾ?" ಅಂದಳು ನೀಲವ್ವ.
ಸಿಗುತ್ತದೆ.

ಸೋಮವಾರ ಅಂಗಡಿಗೆ ರಜೆ.
ತಗ್ಗು ಕೆಳಗಾಗಿ, ಅಲುಗದಂತೆ ಒದ್ದೆ ಬಟ್ಟೆಯ ಮೇಲೆ ಕಲ್ಲಿಟ್ಟೆ.
ಬೆನ್ನೂ ಬಾಯೂ ಒಟ್ಟಿಗೆ ತಾಗುವಂತೆ ಕತ್ತಿ ಮಲಗಿಸಿ
ಹೋಗಿ ಬಂದೆ, ಹೋಗಿ ಬಂದೆ,
ಸದ್ದು ಸಣ್ಣಗಾಗುತ್ತಾ ಉಸಿರಿನಷ್ಟಾಗುವವರೆಗೆ.
ಅಂಗೈಗೆ ತೀಡಿ ಒಂದು ಕೂದಲು ಒಡ್ಡಿದೆ.
ಎರಡಾದದ್ದು ಕೂದಲಿಗೂ ತಿಳಿದಂತಿರಲಿಲ್ಲ.

ಬಲಗೆನ್ನೆ ಮುಗಿಯಿತು, ರೇಷ್ಮೆ.
ಎಡಗೆನ್ನೆಗೆ ಬಂದಾಗ, ಯಾಕೋ,
ಕತ್ತಿಯನ್ನು ಎಡಗೈಗೆ ಬದಲಾಯಿಸಿದೆ.
ಅಭ್ಯಾಸವಿಲ್ಲದ ಕೈ. ಕಿವಿಯ ಕೆಳಗೆ ಒಂದು ಹನಿ ಕೆಂಪು.
ಪಟಿಕ ಒತ್ತಿ ನಿಂತೆ ಕನ್ನಡಿಯ ಮುಂದೆ,
ಬಚ್ಚಲ ಬಾಗಿಲು ಹಾಕಿಕೊಂಡು.